ಒಂದು ಗಂಟೆಯಲ್ಲಿ ಮುಗಿಯದಿದ್ದರೆ ಸೋತ ಹಾಗೆಯೇ?

ಪ್ರಶ್ನೆ: ಎಸ್ಕೇಪ್ ರೂಮಿನವರು, ಅಂದರೆ ಒಗಟು ಬಿಡಿಸಿ ಬೀಗ ಹಾಕಿದ ಕೋಣೆಯಿಂದ ಹೊರಬರುವ ಆಟ ನಡೆಸುವವರು, ಅಂಚೆಯಲ್ಲಿ ಕಳುಹಿಸುವ ಒಗಟಿನ ಲಕೋಟೆಯನ್ನು ತರಿಸಿಕೊಂಡೆವು. ಅರವತ್ತು ನಿಮಿಷವಾದರೂ ಅರ್ಧ ಕೂಡ ಬಿಡಿಸಲು ಆಗಲಿಲ್ಲ. ಮುಂದುವರಿಸಬಹುದೇ, ಅಥವಾ ಆಟ ಮುಗಿಯಿತೆಂದು ಉತ್ತರ ನೋಡಿಬಿಡಬೇಕೇ?

ಮುಂದುವರಿಸಿ. ಇವತ್ತು, ನಾಳೆ, ಬರುವ ಭಾನುವಾರ, ಯಾವಾಗ ಬೇಕಾದರೂ. ಉತ್ತರ ಇಷ್ಟೇ. ಆದರೆ ಇಷ್ಟನ್ನೇ ಹೇಳಿ ಬಿಟ್ಟರೆ ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಬರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಒಬ್ಬರು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಆಡಿ, ಅದು ಹೊಡೆದ ಕೂಡಲೇ ಎಲ್ಲವನ್ನೂ ಲಕೋಟೆಗೆ ತುರುಕಿ ಅಟ್ಟಕ್ಕೆ ಹಾಕಿದರಂತೆ. ಕೊಟ್ಟ ದುಡ್ಡಿನಲ್ಲಿ ಅರ್ಧವೂ ಅಟ್ಟ ಸೇರಿತು.

ಈ ಅರವತ್ತು ನಿಮಿಷ ಎಲ್ಲಿಂದ ಬಂತು ಎಂದು ಒಮ್ಮೆ ವಿಚಾರಿಸಿ. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ಟಕಾವೊ ಕಾಟೊ ಅವರ ಸ್ಕ್ರಾಪ್ ಸಂಸ್ಥೆ ಈ ಬಗೆಯ ಆಟವನ್ನು ಕಂಪ್ಯೂಟರ್ ಪರದೆಯಿಂದ ನಿಜವಾದ ಕೋಣೆಗೆ ಇಳಿಸಿತು. ಆಮೇಲೆ ಬುಡಾಪೆಸ್ಟ್, ಸಿಯಾಟಲ್, ನಮ್ಮ ಕೋರಮಂಗಲ ಎಂದು ಊರೂರಿಗೆ ಹಬ್ಬಿತು. ಕೋಣೆ ಎಂದರೆ ಬಾಡಿಗೆ ಕಟ್ಟುವ ಜಾಗ. ಆರು ಗಂಟೆಗೆ ನಿಮ್ಮ ತಂಡ ಒಳಗೆ ಹೋದರೆ ಏಳೂವರೆಗೆ ಬುಕ್ ಮಾಡಿದವರು ಆಗಲೇ ಹೊರಗೆ ಕಾಯುತ್ತಿರುತ್ತಾರೆ. ಅಷ್ಟರೊಳಗೆ ಸಿಬ್ಬಂದಿ ಬೀಗಗಳನ್ನು ಮತ್ತೆ ಹಾಕಬೇಕು, ನೀವು ಎಳೆದು ಚೆಲ್ಲಿದ್ದನ್ನು ಸ್ವಸ್ಥಾನಕ್ಕೆ ಸೇರಿಸಬೇಕು, ಅಂಕಿ ಬೀಗದ ಚಕ್ರಗಳನ್ನು ತಿರುಗಿಸಿಡಬೇಕು. ಗಡಿಯಾರ ಇರುವುದು ಮೊದಲಿಗೆ ಈ ಕಾರಣಕ್ಕೆ. ರೋಮಾಂಚನ ಅದರ ಜೊತೆಗೆ ಸಿಕ್ಕ ಲಾಭ.

ಇನ್ನೊಂದು ಸಂಗತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೋಣೆಯಲ್ಲಿ ಆ ಗಂಟೆಯನ್ನು ನೀವೊಬ್ಬರೇ ನಿಭಾಯಿಸುವುದಿಲ್ಲ. ಆಟ ನಡೆಸುವವರು ಕ್ಯಾಮೆರಾದಲ್ಲಿ ನೋಡುತ್ತಾ ಕುಳಿತಿರುತ್ತಾರೆ. ನಲವತ್ತನೆಯ ನಿಮಿಷದಲ್ಲೂ ಎರಡನೆಯ ಬೀಗದ ಮುಂದೆಯೇ ನಿಂತಿದ್ದರೆ ಪರದೆಯ ಮೇಲೆ ಒಂದು ಸುಳಿವು ಮೂಡುತ್ತದೆ. ಗೋಡೆಯ ಚಿತ್ರವನ್ನು ತಲೆಕೆಳಗಾಗಿ ನೋಡಿ ಎನ್ನುತ್ತಾರೆ. ನೀವು ‘ಐವತ್ತೆಂಟು ನಿಮಿಷದಲ್ಲಿ ಹೊರಬಂದೆವು’ ಎಂದು ಫೋಟೊ ಹಾಕಿಕೊಳ್ಳುತ್ತೀರಲ್ಲ, ಅದರಲ್ಲಿ ಎಷ್ಟೋ ನಿಮಿಷಗಳು ಅವರು ಕೊಟ್ಟವು. ಲಕೋಟೆಯೊಳಗೆ ಅಂಥ ಪುಣ್ಯಾತ್ಮರು ಯಾರೂ ಕುಳಿತಿರುವುದಿಲ್ಲ.

ಕೆಲಸ ಹಂಚಿಕೊಳ್ಳುವ ರೀತಿಯೂ ಬೇರೆ. ಕೋಣೆಯಲ್ಲಿ ಆರು ಜನ ಆರು ಮೂಲೆಗಳನ್ನು ಹುಡುಕಬಹುದು. ಮೇಜಿನ ಮೇಲೆ ಇರುವುದು ಒಂದೇ ನಕ್ಷೆ, ಒಂದೇ ಪತ್ರ, ಒಂದೇ ಹಳೆಯ ಪತ್ರಿಕೆಯ ತುಣುಕು. ಒಬ್ಬರು ಹಿಡಿದಿದ್ದರೆ ಮಿಕ್ಕವರು ಕತ್ತು ಚಾಚಬೇಕು. ಮೋರ್ಸ್ ಸಂಕೇತ ಬಿಡಿಸುವುದು, ಹಾಳೆಯನ್ನು ಮಡಚಿ ಗೆರೆ ಕೂಡಿಸುವುದು, ದೀಪಕ್ಕೆ ಹಿಡಿದು ನೋಡುವುದು ಎಲ್ಲವೂ ಕೂತು ಮಾಡುವ ಕೆಲಸ. ಅಮೆರಿಕದ ಎನಿಗ್ಮಾ ಎಂಪೋರಿಯಂ ಎಂಬ ಸಂಸ್ಥೆಯ ‘ವಿಷ್ ಯು ವರ್ ಹಿಯರ್’ ಆಟದಲ್ಲಿರುವುದು ಐದೇ ಐದು ಪೋಸ್ಟ್‌ಕಾರ್ಡ್. ಅಂಚೆಚೀಟಿ, ಅಂಚಿನ ಗೆರೆ, ಕೈಬರಹ, ಒಂದೊಂದರಲ್ಲೂ ಏನೋ ಅಡಗಿರುತ್ತದೆ. ಅದನ್ನು ಓಡುತ್ತಾ ಆಡುವುದೆಂದರೆ ನನಗಂತೂ ಅರ್ಥವಾಗುವುದಿಲ್ಲ.

‘ಆದರೆ ಲಕೋಟೆಯ ಮೇಲೆ 60–90 ನಿಮಿಷ ಎಂದು ಬರೆದಿದೆಯಲ್ಲ?’ ಬರೆದಿದೆ. ಅಡುಗೆ ಪುಸ್ತಕದಲ್ಲಿ ‘ತಯಾರಿಸಲು ಇಪ್ಪತ್ತು ನಿಮಿಷ’ ಎಂದೂ ಬರೆದಿರುತ್ತದೆ. ಇಪ್ಪತ್ತೊಂದಕ್ಕೆ ಯಾರಾದರೂ ಒಲೆ ಆರಿಸುತ್ತಾರೆಯೇ? ಸಮಯಕ್ಕೆ ಅಂಕ ಕೊಡುವ ಆಟಗಳಲ್ಲೂ ಇದೇ ಕಥೆ. ಇಂಕಾ ಮತ್ತು ಮಾರ್ಕುಸ್ ಬ್ರಾಂಡ್ ದಂಪತಿ ರೂಪಿಸಿದ, ಜರ್ಮನಿಯ ಕೊಸ್ಮೋಸ್ ಪ್ರಕಾಶನದ ‘ಎಕ್ಸಿಟ್’ ಸರಣಿಗೆ 2017ರಲ್ಲಿ ಕೆನ್ನರ್‌ಸ್ಪೀಲ್ ಪ್ರಶಸ್ತಿ, ಅಂದರೆ ಪಳಗಿದ ಆಟಗಾರರಿಗೆ ತಕ್ಕ ವರ್ಷದ ಆಟವೆಂಬ ಜರ್ಮನಿಯ ಗೌರವ, ಬಂತು. ಅದು ಅಂಚೆಯ ಆಟವಲ್ಲ, ಅಂಗಡಿಯ ಪೆಟ್ಟಿಗೆ. ಆದರೂ ಹಾಳೆಗಳನ್ನು ಕತ್ತರಿಸಿ ಮಡಚಿ ಆಡುವ ಆಟವೇ. ಅಲ್ಲಿ ತಡವಾದರೆ, ಸಹಾಯದ ಕಾರ್ಡು ತೆಗೆದರೆ ನಕ್ಷತ್ರಗಳು ಕಡಿಮೆಯಾಗುತ್ತವೆ, ಅಷ್ಟೇ. ಆಟ ನಿಲ್ಲುವುದಿಲ್ಲ.

ಸುಳಿವು ನೋಡಿದರೆ ಮೋಸವೇ ಎಂದು ಕೇಳುವವರಿಗೆ: ಅಲ್ಲ. ಬಹುತೇಕ ಆಟಗಳಲ್ಲಿ ಸುಳಿವುಗಳನ್ನು ಮೆಟ್ಟಿಲುಮೆಟ್ಟಿಲಾಗಿ ಇಟ್ಟಿರುತ್ತಾರೆ. ಮೊದಲನೆಯದು ಎಲ್ಲಿ ನೋಡಬೇಕೆಂದು ಹೇಳುತ್ತದೆ, ಕೊನೆಯದು ಉತ್ತರವನ್ನೇ ಕೊಡುತ್ತದೆ. ಒಂದೊಂದಾಗಿ ಇಳಿಯಿರಿ. ಕತ್ತರಿ ಹಾಕುವ ಮೊದಲು ಜೆರಾಕ್ಸ್ ಮಾಡಿಸಿಕೊಳ್ಳಿ. ಎಲ್ಲರ ಕೈಗೂ ಒಂದೊಂದು ಪ್ರತಿ ಸಿಗುತ್ತದೆ, ಮೂಲವನ್ನು ಅಕ್ಕನ ಮನೆಗೆ ಕೊಡಬಹುದು. ಕಸ್ಟಮ್ಸ್‌ನವರು ಅಂಟಿಸಿದ ಚೀಟಿಯಲ್ಲಿ ರಹಸ್ಯವೇನೂ ಇಲ್ಲ, ಅದನ್ನು ಬಿಟ್ಟುಬಿಡಿ.

ಯಾರೂ ಕೇಳದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿರುತ್ತದೆ. ಇಂಥ ಲಕೋಟೆಯನ್ನು ಕನ್ನಡದಲ್ಲಿಯೇ ಮಾಡಿದರೆ ಹೇಗಿರುತ್ತದೆ? ಇಂಗ್ಲಿಷಿನ ಹಳೆಯ ಉಪಾಯವೆಂದರೆ ಪ್ರತಿ ಅಕ್ಷರವನ್ನೂ ವರ್ಣಮಾಲೆಯಲ್ಲಿ ಒಂದೆರಡು ಮನೆ ಮುಂದೆ ಸರಿಸುವುದು. ಕನ್ನಡದಲ್ಲಿ ವ್ಯಂಜನವನ್ನು ಮಾತ್ರ ಒಂದು ಮನೆ ಸರಿಸಿದರೆ ‘ಕಮಲ’ ‘ಖಯವ’ ಆಗುತ್ತದೆ. ಚೆನ್ನಾಗಿದೆ. ಆದರೆ ‘ಮೈಸೂರು’ ‘ಯೈಹೂಲು’ ಆದಾಗ ಐತ್ವ, ಊಕಾರ, ಉಕಾರ ಮೂರೂ ಹಾಗೆಯೇ ಉಳಿಯುವುದರಿಂದ ಊರಿನ ಹೆಸರೆಂದು ಗೊತ್ತಿದ್ದವರು ತಕ್ಷಣ ಹಿಡಿದುಬಿಡುತ್ತಾರೆ. ಸ್ವರಗಳನ್ನೂ ಸರಿಸಬೇಕು, ಒತ್ತಕ್ಷರಕ್ಕೆ ಬೇರೆ ನಿಯಮ ಬೇಕು.

ಅಂಕಿ ಬೀಗಕ್ಕಾದರೆ ಇಷ್ಟು ಪಾಡು ಬೇಡ. ಅಕ್ಷರಗಳಿಗೆ ಅಂಕಿ ಕೊಡುವ ಹಳೆಯ ಪದ್ಧತಿ ಕಟಪಯಾದಿ ಇದೆಯಲ್ಲ! ಕ, ಟ, ಪ, ಯ ನಾಲ್ಕಕ್ಕೂ ಒಂದು, ಅಲ್ಲಿಂದ ಮುಂದಕ್ಕೆ ಎಣಿಕೆ. ಮಾಯಾಮಾಳವಗೌಳ ರಾಗದ ‘ಮಾ’ ಐದು, ‘ಯಾ’ ಒಂದು. ತಿರುಗಿಸಿ ಓದಿದರೆ ಹದಿನೈದು, ಅದೇ ಕರ್ನಾಟಕ ಸಂಗೀತದ ಮೇಳಕರ್ತ, ಅಂದರೆ ಮೂಲ ರಾಗಗಳ ಪಟ್ಟಿಯಲ್ಲಿ ಆ ರಾಗದ ಸಂಖ್ಯೆ. ಹಳೆಯ ಕಛೇರಿಯ ಆಹ್ವಾನ ಪತ್ರಿಕೆಯಂತೆ ಒಂದು ಹಾಳೆ ಅಚ್ಚು ಹಾಕಿಸಿ, ಎರಡು ರಾಗಗಳ ಹೆಸರು ಬರೆದರೆ ನಾಲ್ಕಂಕಿಯ ಬೀಗ ತಯಾರು. ಮೊದಲನೆಯದು ಮಾಯಾಮಾಳವಗೌಳ, ಎರಡನೆಯದು ಮೇಚಕಲ್ಯಾಣಿ (‘ಮೇ’ ಐದು, ‘ಚ’ ಆರು, ತಿರುಗಿಸಿದರೆ ಅರವತ್ತೈದು) ಎಂದಿಟ್ಟುಕೊಳ್ಳಿ. ಸಂಗೀತ ಕಲಿತ ಅಜ್ಜಿ ಮನೆಯಲ್ಲಿದ್ದರೆ 1565 ಎಂದು ನೀವು ಹಾಳೆ ಬಿಚ್ಚುವ ಮೊದಲೇ ಹೇಳಿಬಿಡುತ್ತಾರೆ.