ಇಂಟರ್ನೆಟ್ ನಿಂತ ಮೇಲೂ ಉಳಿಯುವ ಆಟ

ಬೆಂಗಳೂರಿನಲ್ಲಿ ಹದಿನೇಳು ವರ್ಷಗಳಿಂದ ಗೇಮಿಂಗ್ ಕನ್ಸೋಲ್‌ಗಳ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಗಳ ದುರಸ್ತಿ ಮಾಡುತ್ತಿರುವ ನನಗೆ ಈಚೆಗೆ ಪೋಷಕರಿಂದ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ: “ಸರ್, ಮಗಳಿಗೆ ಗೇಮ್ ಡಿಸ್ಕ್ ಕೊಡಿಸಲೋ, ತಿಂಗಳಿಗಿಷ್ಟು ಅಂತ ಕಟ್ಟಿ ಕ್ಲೌಡ್‌ನಲ್ಲೇ ಆಡಿಸಲೋ?” ಹೊಸ ಆಟದ ಡಿಸ್ಕಿನ ಮೇಲೆ 4,999 ರೂಪಾಯಿ ಬೆಲೆ ನೋಡಿದವರಿಗೆ ಈ ಯೋಚನೆ ಬರುವುದು ಸಹಜ. ಉತ್ತರಿಸುವ ಮೊದಲು ನಾನು ಅವರನ್ನು ಕೇಳುವುದಿಷ್ಟೇ. ಮನೆಯ ಇಂಟರ್ನೆಟ್ ಕೈಕೊಟ್ಟ ದಿನ, ಚಂದಾ ಮುಗಿದ ದಿನ, ಅಥವಾ ಕಂಪನಿಯೇ ಸೇವೆ ನಿಲ್ಲಿಸಿದ ದಿನ ಆ ಆಟ ನಿಮಗೆ ಬೇಕೇ, ಬೇಡವೇ?

ಕ್ಲೌಡ್ ಗೇಮಿಂಗ್ ಎಂದರೆ ಆಟವನ್ನು ಡೌನ್‌ಲೋಡ್ ಮಾಡಿಕೊಂಡು ಆಡುವುದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಆಟ ನಡೆಯುವುದು ದೂರದ ಡೇಟಾ ಸೆಂಟರಿನ ಯಂತ್ರದಲ್ಲಿ. ನಾವು ಗುಂಡಿ ಒತ್ತಿದ ಸಂಕೇತ ಅಲ್ಲಿಗೆ ತಲುಪಿ, ಅದಕ್ಕೆ ತಕ್ಕ ಚಿತ್ರ ಅಲ್ಲಿ ಸಿದ್ಧವಾಗಿ, ವಿಡಿಯೋ ರೂಪದಲ್ಲಿ ಕುಗ್ಗಿ, ನಮ್ಮ ಮನೆಯವರೆಗೆ ಹರಿದು ಬಂದು, ಟಿವಿಯಲ್ಲೋ ಫೋನಿನಲ್ಲೋ ಮತ್ತೆ ಬಿಚ್ಚಿಕೊಳ್ಳಬೇಕು. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಫೈಬರ್ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸರ್ವರ್ 1,000 ಕಿಲೋಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ, ಬೆಂಗಳೂರಿನಿಂದ ಮುಂಬೈ ರಸ್ತೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟು. ಹೋಗಿ ಬರುವುದಕ್ಕೇ 10 ಮಿಲಿಸೆಕೆಂಡ್ ಬೇಕು. ಎಷ್ಟು ಒಳ್ಳೆಯ ಉಪಕರಣ ತಂದರೂ ಈ 10ನ್ನು ಕಡಿಮೆ ಮಾಡಲಾಗದು. ಚಿತ್ರವನ್ನು ಕುಗ್ಗಿಸುವ, ಬಿಚ್ಚುವ, ದಾರಿಯ ರೂಟರ್‌ಗಳನ್ನು ದಾಟುವ ಹೊತ್ತು ಇದರ ಮೇಲೆ ಸೇರುತ್ತದೆ. ಚದುರಂಗದಂಥ ಆಟದಲ್ಲಿ ಇದು ಗೊತ್ತೇ ಆಗುವುದಿಲ್ಲ; ಗುದ್ದಾಟದ ಆಟದಲ್ಲಿ, ಕ್ರಿಕೆಟ್ ಬ್ಯಾಟಿಂಗಿನಲ್ಲಿ ಬೇಗ ಗೊತ್ತಾಗುತ್ತದೆ.

ಆದರೆ ನನ್ನ ಅನುಭವದಲ್ಲಿ ದೂರಕ್ಕಿಂತ ದೊಡ್ಡ ತೊಂದರೆ ಮನೆಯೊಳಗಿನ ವೈಫೈ. ಕಂಟ್ರೋಲರ್ ತಡವಾಗಿ ಸ್ಪಂದಿಸುತ್ತದೆ ಎಂದು ದುರಸ್ತಿಗೆ ತಂದುಕೊಟ್ಟವರ ಕಂಟ್ರೋಲರನ್ನು ಬಿಚ್ಚಿ ನೋಡಿದರೆ ಅನೇಕ ಸಲ ಯಾವ ದೋಷವೂ ಇರುವುದಿಲ್ಲ. ವಿಚಾರಿಸಿದಾಗ ರೂಟರ್ ಹಜಾರದಲ್ಲಿದ್ದು, ಟಿವಿ ಎರಡು ಗೋಡೆಗಳ ಆಚೆ ಇರುತ್ತದೆ. ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆಸಿ, ಚಿತ್ರವನ್ನು ತಡಮಾಡದೆ ತೋರಿಸುವ ಗೇಮ್ ಮೋಡನ್ನು ಟಿವಿಯ ಸೆಟ್ಟಿಂಗಿನಲ್ಲಿ ಹಾಕಿಕೊಂಡರೆ ಅರ್ಧಕ್ಕರ್ಧ ದೂರುಗಳು ಅಲ್ಲಿಗೇ ಮುಗಿಯುತ್ತವೆ. ಇದಕ್ಕಾಗಿ ನಾನು ಹಣ ತೆಗೆದುಕೊಳ್ಳುವುದಿಲ್ಲ. ಡೇಟಾದ ಖರ್ಚನ್ನೂ ಲೆಕ್ಕ ಹಾಕಿಕೊಳ್ಳಬೇಕು: ಸೆಕೆಂಡಿಗೆ 35 ಮೆಗಾಬಿಟ್ ಹರಿಯುವ 4ಕೆ ಚಿತ್ರಕ್ಕೆ ಒಂದು ಗಂಟೆಯಲ್ಲಿ ಸುಮಾರು 15.75 ಜಿಬಿ ಬೇಕಾಗುತ್ತದೆ. ಮನೆಯ ಫೈಬರ್ ಸಂಪರ್ಕ ಇದನ್ನು ತಡೆದೀತು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ತಡೆಯುವುದಿಲ್ಲ.

ಸೇವೆಯೇ ನಿಂತರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ. ಗೂಗಲ್ ತನ್ನ ಸ್ಟೇಡಿಯಾ ಸೇವೆಯನ್ನು 2019ರ ನವೆಂಬರಿನಲ್ಲಿ ಆರಂಭಿಸಿತು. ಭಾರತಕ್ಕೆ ಅದು ಬರಲೇ ಇಲ್ಲ. 2022ರ ಸೆಪ್ಟೆಂಬರ್ 29ರಂದು ಮುಚ್ಚುವ ಸುದ್ದಿ ಕೊಟ್ಟು, 2023ರ ಜನವರಿ 18ರಂದು ಸರ್ವರ್‌ಗಳನ್ನು ನಿಲ್ಲಿಸಿತು. ಸ್ಟೇಡಿಯಾ ಅಂಗಡಿಯಲ್ಲಿ ಕೊಂಡ ಆಟಗಳ ಹಣವನ್ನೂ, ತನ್ನ ಮಳಿಗೆಯಲ್ಲಿ ಮಾರಿದ ಉಪಕರಣಗಳ ಹಣವನ್ನೂ ಹಿಂದಿರುಗಿಸಿತು. ಕಂಟ್ರೋಲರ್‌ಗಳು ವ್ಯರ್ಥವಾಗದಂತೆ ಅವುಗಳಲ್ಲಿ ಬ್ಲೂಟೂತ್ ತೆರೆಯುವ ದಾರಿಯನ್ನೂ ಒದಗಿಸಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಹಣ ಹಿಂತಿರುಗುವುದು ಬೇರೆ, ಆಟ ಉಳಿಯುವುದು ಬೇರೆ. ಅದಕ್ಕೂ ಹಿಂದೆ, 2010ರಲ್ಲಿ ಅಮೆರಿಕದಲ್ಲಿ ಆರಂಭವಾದ ಆನ್‌ಲೈವ್ ಎಂಬ ಸೇವೆ 2015ರ ಏಪ್ರಿಲ್‌ನಲ್ಲಿ ಮುಚ್ಚಿತ್ತು.

ಹಾಗಾದರೆ ಡಿಸ್ಕ್ ಕೊಂಡರೆ ಚಿಂತೆಯಿಲ್ಲವೇ? ಈ ನಂಬಿಕೆಯನ್ನು ನನ್ನ ಗ್ರಾಹಕರಲ್ಲಿ ತಿದ್ದುವುದು ನನಗೆ ಕಷ್ಟದ ಕೆಲಸ, ಏಕೆಂದರೆ ಡಿಸ್ಕ್ ಕೈಯಲ್ಲಿ ಹಿಡಿಯುವ ವಸ್ತು, ನಮ್ಮದು ಎಂಬ ಭಾವ ತಾನಾಗಿಯೇ ಬರುತ್ತದೆ. ಯೂಬಿಸಾಫ್ಟ್ ಎಂಬ ಗೇಮ್ ಕಂಪನಿ 2014ರಲ್ಲಿ ತಂದ ‘ದ ಕ್ರೂ’ ಎಂಬ ಕಾರ್ ಓಟದ ಆಟ ಒಬ್ಬರೇ ಆಡುವಾಗಲೂ ಕಂಪನಿಯ ಸರ್ವರನ್ನು ಅವಲಂಬಿಸಿತ್ತು. 2024ರ ಮಾರ್ಚ್ 31ರಂದು ಸರ್ವರ್‌ಗಳು ನಿಂತಾಗ, ಡಿಸ್ಕ್ ಕೊಂಡವರ ಆಟವೂ ಅದೇ ದಿನ ನಿಂತಿತು. ಅದೇ ಪ್ರಕರಣದಿಂದ ಯುರೋಪಿನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿ, 2025ರ ಜುಲೈ ಹೊತ್ತಿಗೆ ಅದರ ಮನವಿಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಡಿಜಿಟಲ್ ಪ್ರತಿಯನ್ನು ಮಾರುವಾಗ ಗ್ರಾಹಕರಿಗೆ ಸಿಗುವುದು ಬಳಕೆಯ ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಇಂಥ ಎಚ್ಚರಿಕೆಯ ಸಾಲು ನಮ್ಮಲ್ಲೂ ಪೆಟ್ಟಿಗೆಯ ಮುಖದ ಮೇಲೆಯೇ, ಓದಲು ಬರುವ ಗಾತ್ರದಲ್ಲಿ ಅಚ್ಚಾಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಪೆಟ್ಟಿಗೆಯಲ್ಲಿರುವ ವಸ್ತುವೂ ಈಗ ಒಂದೇ ಬಗೆಯದಲ್ಲ. ಕೆಲವು ಡಿಸ್ಕ್‌ಗಳಲ್ಲಿ ಪೂರ್ಣ ಆಟವಿದ್ದರೆ, ಕೆಲವದರಲ್ಲಿ ಒಂದು ಭಾಗ ಮಾತ್ರ ಇದ್ದು ಉಳಿದದ್ದನ್ನು ಡೌನ್‌ಲೋಡ್ ಮಾಡಬೇಕಾಗುತ್ತದೆ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ಕ್ಕೆ ಮಾರುವ ‘ಗೇಮ್ ಕೀ ಕಾರ್ಡ್’ನೊಳಗೆ ಆಟವೇ ಇರುವುದಿಲ್ಲ, ಅದು ಡೌನ್‌ಲೋಡಿಗೆ ಬೇಕಾದ ಕೀಲಿ ಮಾತ್ರ. ಆದ್ದರಿಂದ ಹಳೆಯ ಡಿಸ್ಕ್ ಕೊಳ್ಳುವವರಿಗೆ ನಾನು ಹೇಳಿಕೊಡುವ ಪರೀಕ್ಷೆ ಸರಳವಾದದ್ದು: ಕನ್ಸೋಲಿನ ಇಂಟರ್ನೆಟ್ ತೆಗೆದು, ಡಿಸ್ಕ್ ಹಾಕಿ, ಆಟವನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ, ಮೊದಲ ಹಂತವನ್ನಾದರೂ ಆಡಿ ನೋಡಿ. ಅಷ್ಟು ನಡೆದರೆ ಆ ಡಿಸ್ಕಿಗೆ ಕೊಟ್ಟ ಹಣಕ್ಕೆ ಅರ್ಥವಿದೆ. ಈಗಿನ ಆಟಗಳು ಬರುವ ಬ್ಲೂ-ರೇ ಡಿಸ್ಕ್‌ಗಳನ್ನು ಜೋಪಾನವಾಗಿಯೂ ಇಡಬೇಕು. ಅವುಗಳಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಒಳಗಿರುವುದರಿಂದ, ಗೀರು ಬಿದ್ದ ಡಿವಿಡಿಯನ್ನು ಉಜ್ಜಿ ಸರಿಪಡಿಸುತ್ತಿದ್ದ ವಿಧಾನ ಇವಕ್ಕೆ ಒಗ್ಗುವುದಿಲ್ಲ.

ಆ ಪೋಷಕರಿಗೆ ಕೊನೆಗೆ ನಾನು ಕೊಡುವ ಸಲಹೆ ಮಗುವಿನ ಸ್ವಭಾವವನ್ನು ಅವಲಂಬಿಸಿರುತ್ತದೆ. ತಿಂಗಳಿಗೆ ನಾಲ್ಕು ಆಟಗಳ ರುಚಿ ನೋಡಿ ಬಿಡುವ ಮಕ್ಕಳಿಗೆ, ಪರೀಕ್ಷೆ ಮುಗಿದ ರಜೆಯಲ್ಲಿ ಮಾತ್ರ ಆಡುವವರಿಗೆ, ಕನ್ಸೋಲ್ ಕೊಳ್ಳುವ ಅನುಕೂಲವಿಲ್ಲದ ಮನೆಗೆ ಚಂದಾ ಸೇವೆಯೇ ಸೂಕ್ತ. ಒಂದೇ ಆಟಕ್ಕೆ ವರ್ಷಗಟ್ಟಲೆ ಮರಳುವ ಮಕ್ಕಳಿಗೆ, ಅಣ್ಣನಿಂದ ತಂಗಿಗೆ ಆಟ ದಾಟುವ ಮನೆಗೆ, ಇಂಟರ್ನೆಟ್ ಇಲ್ಲದೆ ನಡೆಯುವ ಡಿಸ್ಕನ್ನೇ ಕೊಡಿಸಿ ಎನ್ನುತ್ತೇನೆ. ಆಡಿ ಮುಗಿದ ಮೇಲೆ ಅದನ್ನು ಮಾರಬಹುದು, ಗೆಳೆಯರೊಂದಿಗೆ ಬದಲಾಯಿಸಿಕೊಳ್ಳಬಹುದು. ಚಂದಾಗೆ ಕಟ್ಟಿದ ಹಣ ಹಾಗೆ ಮರಳುವುದಿಲ್ಲ.

ಡಿಸ್ಕ್ ಉಳಿದರೂ ಕಳೆದುಹೋಗಬಹುದಾದದ್ದು ಸೇವ್ ಫೈಲ್, ಅಂದರೆ ಆಟವನ್ನು ಎಲ್ಲಿಯವರೆಗೆ ಆಡಿದ್ದೇವೆ ಎಂಬುದರ ದಾಖಲೆ. ಕಳೆದ ಮಳೆಗಾಲದಲ್ಲಿ ಒಬ್ಬ ಯುವಕ 2009ರಲ್ಲಿ ಕೊಂಡಿದ್ದ ಕನ್ಸೋಲನ್ನು ತಂದರು. ಅದರಲ್ಲಿ ಈಗಿಲ್ಲದ ಅವರ ಅಣ್ಣ ಆಡಿ ಅರ್ಧಕ್ಕೆ ಬಿಟ್ಟಿದ್ದ ಆಟವಿತ್ತು. ಡಿಸ್ಕ್ ಸರಿಯಾಗಿತ್ತು, ಯಂತ್ರ ಆನ್ ಆಗುತ್ತಿರಲಿಲ್ಲ. ಆ ಮಾದರಿಯ ಹಾರ್ಡ್ ಡಿಸ್ಕನ್ನು ಅದೇ ಯಂತ್ರದ ಬೋರ್ಡ್ ಮಾತ್ರ ಓದಬಲ್ಲದಾದ್ದರಿಂದ ಬೇರೆ ಕನ್ಸೋಲಿಗೆ ಜೋಡಿಸಿ ಪ್ರಯೋಜನವಿರಲಿಲ್ಲ. ಬೋರ್ಡಿನ ಕೆಪಾಸಿಟರ್‌ಗಳನ್ನು ಬದಲಿಸಿ, ಮೂರನೆಯ ದಿನ ಅದು ಆನ್ ಆದ ಕೂಡಲೇ ಬೇರೇನನ್ನೂ ಮುಟ್ಟದೆ ಸೇವ್ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿದೆ. ಅವರು ಅಲ್ಲೇ ನನ್ನ ಮೇಜಿನ ಬಳಿ ಕುಳಿತು, ಅಣ್ಣ ನಿಲ್ಲಿಸಿದ್ದ ಜಾಗದಿಂದ ಆಟವನ್ನು ತೆರೆದರು.