ಕಿವಿಗೊಂದು ದಾರಿ, ಕಡತಕ್ಕೊಂದು ದಾರಿ

ತುಮಕೂರಿನ ಬಡಾವಣೆಗಳಲ್ಲಿ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಭಾವಗೀತೆ, ವಚನ, ಜನಪದ ಗೀತೆ, ಜಾತ್ರೆಯ ಭಕ್ತಿಗೀತೆಗಳನ್ನು ಧ್ವನಿಮುದ್ರಿಸುವವರು ಈಗ ಅಪರೂಪವಲ್ಲ. ಒಂದು ಕಂಡೆನ್ಸರ್ ಮೈಕ್, ಒಂದು ಆಡಿಯೋ ಇಂಟರ್‌ಫೇಸ್, ಲ್ಯಾಪ್‌ಟಾಪ್ ಮತ್ತು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದರೆ ಕೆಲಸ ಶುರುವಾಗುತ್ತದೆ. ಅದರ ಜೊತೆಗೇ ಒಂದು ಪ್ರಶ್ನೆಯೂ ಏಳುತ್ತದೆ. ರಿವರ್ಬ್ (ಕೋಣೆಯೊಳಗಿನಂಥ ಗುಂಗು), ಎಕೋ, ಕಂಪ್ರೆಸರ್ (ಧ್ವನಿಯ ಏರಿಳಿತವನ್ನು ತಗ್ಗಿಸುವಂಥದ್ದು), ಶ್ರುತಿ ಸರಿಪಡಿಸುವ ಪ್ಲಗಿನ್ (ರೆಕಾರ್ಡಿಂಗ್ ತಂತ್ರಾಂಶಕ್ಕೆ ಜೋಡಿಸುವ ಕಿರುತಂತ್ರಾಂಶ) ಮುಂತಾದ ಎಫೆಕ್ಟ್‌ಗಳನ್ನು ಹಾಡುವಾಗಲೇ ಹಾಕಬೇಕೇ, ಹಾಡಿ ಮುಗಿದ ಮೇಲೆ ಮಿಕ್ಸಿಂಗ್‌ನಲ್ಲಿ ಹಾಕಬೇಕೇ? ಬರಿಯ ಧ್ವನಿಯನ್ನು ರೆಕಾರ್ಡ್ ಮಾಡಿ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳಿ ಎಂಬುದು ಬಲ್ಲವರು ಸಾಮಾನ್ಯವಾಗಿ ಕೊಡುವ ಉತ್ತರ. ಇದು ತಪ್ಪಲ್ಲ, ಆದರೆ ಪ್ರಶ್ನೆಯ ಅರ್ಧಕ್ಕಷ್ಟೇ ಉತ್ತರ.

ಮೈಕಿನಿಂದ ಹೊರಟ ಧ್ವನಿ ಇಂಟರ್‌ಫೇಸಿನಲ್ಲಿ ಅಂಕಿಗಳಾಗಿ ಬದಲಾದ ನಂತರ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿ ಹಾರ್ಡ್‌ಡಿಸ್ಕಿನ ಕಡತಕ್ಕೆ ಹೋದರೆ, ಇನ್ನೊಂದು ಹೆಡ್‌ಫೋನಿನ ಮೂಲಕ ಹಾಡುವವರ ಕಿವಿಗೆ ಮರಳುತ್ತದೆ. ಬಹುತೇಕ ರೆಕಾರ್ಡಿಂಗ್ ತಂತ್ರಾಂಶಗಳಲ್ಲಿ ಟ್ರ್ಯಾಕಿನ ಮೇಲೆ ಹಾಕಿದ ಪ್ಲಗಿನ್ ಈ ಎರಡನೆಯ ದಾರಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕಿವಿಗೆ ದೇವಸ್ಥಾನದ ಪ್ರಾಂಗಣದ ಗುಂಗು ಕೇಳುತ್ತಿದ್ದರೂ ಕಡತದಲ್ಲಿ ಬರಿಯ ಧ್ವನಿಯೇ ಇರುತ್ತದೆ. ಹಾಗಾಗಿ ಕಿವಿಗೆ ಏನನ್ನು ಬೇಕಾದರೂ ಕೊಡಬಹುದು, ಕಡತಕ್ಕೆ ಅದರ ಸೋಂಕಿಲ್ಲ ಎಂದು ಅನೇಕರು ತಿಳಿಯುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಕಿವಿಗೆ ಹೋದದ್ದು ಗಂಟಲಿನ ಮೂಲಕ ಮತ್ತೆ ಮೈಕಿಗೆ ಬರುತ್ತದೆ. ಕಡತಕ್ಕೆ ಸೇರದ ಎಫೆಕ್ಟ್ ಕೂಡ ಹಾಡಿದ ರೀತಿಯನ್ನು ಬದಲಿಸಿ ಕಡತದಲ್ಲಿ ಉಳಿಯುತ್ತದೆ.

ಇದಕ್ಕೆ ನೂರು ವರ್ಷಕ್ಕೂ ಹಳೆಯ ಸಾಕ್ಷ್ಯವಿದೆ. ಸುತ್ತಲಿನ ಸದ್ದು ಹೆಚ್ಚಿದಾಗ ಮನುಷ್ಯ ತನಗೆ ಅರಿವಿಲ್ಲದೆಯೇ ಧ್ವನಿಯನ್ನು ಏರಿಸುತ್ತಾನೆ ಎಂಬುದನ್ನು ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದರು. ಹೆಡ್‌ಫೋನಿನಲ್ಲಿ ತಬಲಾ ಮತ್ತು ಕೀಬೋರ್ಡಿನ ಟ್ರ್ಯಾಕನ್ನು ಜೋರಾಗಿಟ್ಟು ಹಾಡಿದರೆ ಆಗುವುದು ಇದೇ: ಲಾಲಿ ಹಾಡು ಕೂಡ ಕೂಗಾಗುತ್ತದೆ. ಇದಕ್ಕೆ ವಿರುದ್ಧವಾದದ್ದೂ ನಿಜ. ತನ್ನ ಧ್ವನಿಯೇ ಕಿವಿಗೆ ಜೋರಾಗಿ ಬಂದರೆ ಹಾಡುವವರು ತಾವಾಗಿ ತಗ್ಗುತ್ತಾರೆ. ಇನ್ನು 1950ರಲ್ಲಿ ಬರ್ನಾರ್ಡ್ ಲೀ ಎಂಬವರು ಮಾತನಾಡುವವರ ಧ್ವನಿಯನ್ನು ಸೆಕೆಂಡಿನ ಒಂದು ಭಿನ್ನಾಂಶದಷ್ಟು ತಡಮಾಡಿ ಅವರದೇ ಕಿವಿಗೆ ಕೇಳಿಸಿದಾಗ, ಸರಾಗವಾಗಿ ಮಾತನಾಡುವವರೂ ತೊದಲಿದರು. ಸುಮಾರು 200 ಮಿಲಿಸೆಕೆಂಡಿನ ತಡ ಇದರಲ್ಲಿ ಅತ್ಯಂತ ಕಾಟ ಕೊಡುವಂಥದ್ದು. ಎಕೋವನ್ನು ಕಿವಿಯಲ್ಲಿ ಜೋರಾಗಿಟ್ಟುಕೊಂಡು ಹಾಡುವಾಗ ಸಾಹಿತ್ಯ ತಡವರಿಸಿದರೆ ದೋಷ ನೆನಪಿನ ಶಕ್ತಿಯದ್ದೇ ಆಗಿರಬೇಕಿಲ್ಲ.

ತನ್ನ ಧ್ವನಿ ತನಗೆ ಕೇಳುವ ಬಗೆಯೇ ವಿಚಿತ್ರವಾದದ್ದು. ಅದು ಗಾಳಿಯ ಮೂಲಕ ಒಮ್ಮೆ, ತಲೆಬುರುಡೆಯ ಮೂಳೆಯ ಮೂಲಕ ಇನ್ನೊಮ್ಮೆ ಒಳಗಿವಿಯನ್ನು ತಲುಪುತ್ತದೆ. ಈ ಎರಡರ ಪಾಲೂ ಹೆಚ್ಚುಕಡಿಮೆ ಸಮಸಮ ಎಂಬುದನ್ನು ಗೇಯೊರ್ಗ್ ಫಾನ್ ಬೇಕೆಶಿ 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಕಿವಿಯ ಕೆಲಸವನ್ನು ಅರಿತದ್ದಕ್ಕಾಗಿ 1961ರ ನೊಬೆಲ್ ಪಡೆದವರು ಅವರೇ. ಕಿವಿಯನ್ನು ಮುಚ್ಚಿದಾಗ ಮೂಳೆಯ ಮೂಲಕ ಬರುವ ಕೆಳಸ್ತರದ ಧ್ವನಿ ಹೊರಗೆ ಹೋಗಲಾರದೆ ಒಳಗೇ ಗುಮ್ಮೆನ್ನುತ್ತದೆ. ಅನುಭವಿ ಗಾಯಕರು ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯಿಂದ ಸರಿಸಿಕೊಂಡು ಹಾಡುವುದಕ್ಕೆ ಇದೊಂದು ಕಾರಣ. ಸರಿಸಿದ ಬದಿಯ ಸ್ಪೀಕರನ್ನು ಬಂದ್ ಮಾಡದಿದ್ದರೆ ತಾಳದ ಟಿಕ್‌ಟಿಕ್ ಮೈಕಿಗೆ ಸೋರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಈ ಎರಡು ಧ್ವನಿಗಳ ನಡುವೆ ಹೊತ್ತಿನ ಅಂತರ ಬಿದ್ದಾಗ ತೊಂದರೆ ಶುರು. ಮೂಳೆಯ ಮೂಲಕ ಬರುವ ಧ್ವನಿಗೆ ತಡವೆಂಬುದಿಲ್ಲ. ಹೆಡ್‌ಫೋನಿನ ಧ್ವನಿ ಮಾತ್ರ ಲ್ಯಾಪ್‌ಟಾಪನ್ನು ಹೊಕ್ಕು, ಅಲ್ಲಿನ ಬಫರಿನಲ್ಲಿ, ಎಂದರೆ ಧ್ವನಿಯನ್ನು ಸ್ವಲ್ಪ ಹೊತ್ತು ಕೂಡಿಡುವ ಜಾಗದಲ್ಲಿ, ಕಾದು, ಹೊರಬರಬೇಕು. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ (ಧ್ವನಿಯ ಅಲೆಯ ಬಿಡಿ ಅಳತೆಗಳ) ಲೆಕ್ಕದಲ್ಲಿ 256 ಸ್ಯಾಂಪಲ್‌ಗಳ ಬಫರ್ ತುಂಬಲು 5.3 ಮಿಲಿಸೆಕೆಂಡು ಬೇಕು; ಒಳಗೆ ಒಮ್ಮೆ, ಹೊರಗೆ ಒಮ್ಮೆ ಎಂದು ಹಿಡಿದರೆ 10.7 ಮಿಲಿಸೆಕೆಂಡು, ಅದರ ಮೇಲೆ ಇಂಟರ್‌ಫೇಸಿನ ಪರಿವರ್ತಕಗಳು ತಿನ್ನುವ ಒಂದಿಷ್ಟು. ಇದನ್ನೇ ಲೇಟೆನ್ಸಿ ಎನ್ನುತ್ತಾರೆ. ತಡ ಬರೀ 1 ಮಿಲಿಸೆಕೆಂಡಾದರೂ 500 ಹರ್ಟ್ಸ್‌ನ ಅಲೆ ಅರ್ಧ ಸುತ್ತು ಹಿಂದೆ ಬಿದ್ದು, ಮೂಳೆಯ ಮೂಲಕ ಬಂದ ತನ್ನದೇ ಜೋಡಿಯನ್ನು ಕುಗ್ಗಿಸುತ್ತದೆ. 1,500 ಮತ್ತು 2,500 ಹರ್ಟ್ಸ್‌ಗಳಲ್ಲೂ ಹಾಗೆಯೇ. ಈ ಕುಳಿಗಳ ಸಾಲನ್ನು ಚಿತ್ರವಾಗಿ ಬರೆದರೆ ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ. ಹಾಡುವವರಿಗೆ ಮಾತ್ರ ತಮ್ಮ ಕಂಠ ಟೊಳ್ಳಾಯಿತೆನ್ನಿಸುತ್ತದೆ, ಅದನ್ನು ತುಂಬಲು ಗಂಟಲನ್ನು ಬಿಗಿಯುತ್ತಾರೆ. ತಡ 10 ಮಿಲಿಸೆಕೆಂಡು ದಾಟಿತೆಂದರೆ ಬೆನ್ನ ಹಿಂದೆ ಇನ್ನೊಬ್ಬರು ಹಾಡುತ್ತಿರುವಂತೆ ಭಾಸವಾಗಿ ಲಯ ಜಾರತೊಡಗುತ್ತದೆ.

ಬಫರನ್ನು 64ಕ್ಕೆ ಇಳಿಸಿದರೆ ತಡ ಕಡಿಮೆಯಾಗುತ್ತದೆ, ನಿಜ. ಆದರೆ ಹಳೆಯ ಲ್ಯಾಪ್‌ಟಾಪು ಏದುಸಿರು ಬಿಟ್ಟು ಧ್ವನಿಯಲ್ಲಿ ಚಟಪಟ ಸದ್ದು ಸೇರಿಸುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವೊಂದಿದ್ದು, ಅದರ ಹಿಂದಿನ ಭೌತಶಾಸ್ತ್ರವೂ ಸೊಗಸಾಗಿದೆ. ಇಂಟರ್‌ಫೇಸಿನ ಮೇಲಿರುವ ಡೈರೆಕ್ಟ್ ಮಾನಿಟರ್ ಗುಂಡಿಯನ್ನು ಒತ್ತಿದರೆ ಬರಿಯ ಧ್ವನಿ ಲ್ಯಾಪ್‌ಟಾಪಿನ ಸುತ್ತು ಹಾಕದೆ ನೇರವಾಗಿ ಕಿವಿಗೆ ಬರುತ್ತದೆ. ತಂತ್ರಾಂಶದಿಂದ ಬರುವ ಬರಿಯ ಧ್ವನಿಯನ್ನು ಬಂದ್ ಮಾಡಿ, ಪ್ಲಗಿನ್ನಿನ ಮಿಶ್ರಣವನ್ನು ಶೇ. 100ಕ್ಕೆ ಇಟ್ಟು ರಿವರ್ಬನ್ನಷ್ಟೇ ಅಲ್ಲಿಂದ ಕಳಿಸಬೇಕು. ಆಗ ತಡವಾಗುವುದು ರಿವರ್ಬ್ ಮಾತ್ರ, ಮತ್ತು ಅದು ತಡವಾಗಿಯೇ ಬರಬೇಕಾದದ್ದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 2 ಮೀಟರ್ ದೂರದ ಗೋಡೆಗೆ ಹೋಗಿ ಮರಳುವ ಪ್ರತಿಧ್ವನಿಗೆ ಸುಮಾರು 11.7 ಮಿಲಿಸೆಕೆಂಡು ಬೇಕು. ಹಾಗಾಗಿ 256ರ ಬಫರಿನ ತಡ ಗೋಡೆಯನ್ನು ಆಳೆತ್ತರದಷ್ಟು ಆಚೆಗೆ ಇಟ್ಟಂತಾಗುತ್ತದೆಯೇ ಹೊರತು ಯಾರ ಲಯವನ್ನೂ ಕೆಡಿಸುವುದಿಲ್ಲ. ಇಷ್ಟಾದ ಮೇಲೂ ಕಂಠ ತೆಳುವೆನ್ನಿಸಿದರೆ ಪೋಲಾರಿಟಿ ತಿರುಗಿಸುವ, ಎಂದರೆ ಅಲೆಯನ್ನು ತಲೆಕೆಳಗು ಮಾಡುವ, ಗುಂಡಿ ಇದೆಯೇ ನೋಡಿ, ಒಮ್ಮೆ ಒತ್ತಿ ಕೇಳಬೇಕು. ಹೆಡ್‌ಫೋನಿನ ಅಲೆಯೂ ಮೂಳೆಯ ಅಲೆಯೂ ಒಂದೇ ದಿಕ್ಕಿಗೆ ತಳ್ಳುವಂತಾದಾಗ ಕಳೆದುಹೋದ ತುಂಬುತನ ತಟ್ಟನೆ ಮರಳುವುದುಂಟು.

ಕಿವಿಯಲ್ಲಿ ರಿವರ್ಬ್ ಏಕೆ ಬೇಕು ಎಂಬುದಕ್ಕೆ ಈ ಜಿಲ್ಲೆಯ ರಂಗಭೂಮಿಯಲ್ಲೇ ಉತ್ತರವಿದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ನಟರು ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕೊನೆಯ ಸಾಲಿಗೆ ಕೇಳುವಂತೆ ಕಂದಪದ್ಯ ಹಾಡಬೇಕಿತ್ತು. ಎದುರಿನಿಂದ ಮರಳಿ ಬರುವ ಸದ್ದಿನಿಂದಲೇ ಧ್ವನಿ ಎಷ್ಟು ದೂರ ಹೋಯಿತೆಂದು ಹಾಡುವವರಿಗೆ ತಿಳಿಯುವುದು. ಹೆಡ್‌ಫೋನ್ ಹಾಕಿ, ಮೈಕಿಗೆ ಒಂದು ಗೇಣು ದೂರದಲ್ಲಿ ನಿಂತವರಿಗೆ ಆ ಮರುದನಿ ಸಿಗುವುದಿಲ್ಲ. ಸ್ವಲ್ಪ ರಿವರ್ಬ್ ಕೊಟ್ಟರೆ ದೀರ್ಘ ಸ್ವರಗಳನ್ನು ಅವಸರವಿಲ್ಲದೆ ನಿಲ್ಲಿಸುತ್ತಾರೆ. ಅತಿಯಾದರೆ ಹಿಂದಿನ ಸ್ವರದ ಬಾಲ ಮುಂದಿನ ಸ್ವರದ ಮೇಲೆ ಬಿದ್ದು ಶ್ರುತಿ ಸರಿಯಿದೆಯೇ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ, ಇದೆ ಎಂದು ಗಮನಕ್ಕೆ ಬಾರದ, ತೆಗೆದಾಗ ಮಾತ್ರ ಇಲ್ಲವೆನ್ನಿಸುವ ಪ್ರಮಾಣ ಸರಿಯಾದದ್ದು.

ಕಡತದ ದಾರಿಯಲ್ಲಿ, ನಾವು ಕೇಳದೆಯೇ ಮೊದಲು ಸೇರಿಕೊಳ್ಳುವ ಎಫೆಕ್ಟ್ ಎಂದರೆ ಕೋಣೆ. ಆರ್‌ಸಿಸಿ ತಾರಸಿ, ಬಣ್ಣ ಹೊಡೆದ ಸಿಮೆಂಟ್ ಗೋಡೆ, ನುಣುಪಾದ ಟೈಲ್ಸ್ ನೆಲ, ಇವು ಯಾವುವೂ ಸದ್ದನ್ನು ಹೀರುವುದಿಲ್ಲ. ಶಬ್ದ 60 ಡೆಸಿಬಲ್ ಇಳಿಯಲು ಹಿಡಿಯುವ ಹೊತ್ತನ್ನು ಅಳೆಯಲು ಭೌತವಿಜ್ಞಾನಿ ವಾಲೇಸ್ ಸಬೈನ್ ಕೊಟ್ಟ ಸೂತ್ರ ಸರಳವಾಗಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ (ಒಳಮೈಯ ವಿಸ್ತಾರವನ್ನು ಅದು ಹೀರುವ ಪಾಲಿನಿಂದ ಗುಣಿಸಿದ್ದು) ಭಾಗಿಸಬೇಕು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಖಾಲಿ ಕೋಣೆಯ ಘನ ಅಳತೆ ಸುಮಾರು 34 ಘನ ಮೀಟರ್, ಒಳಮೈ ಸುಮಾರು 63 ಚದರ ಮೀಟರ್. ಒಳಮೈ ಶೇ. 3ರಷ್ಟು ಸದ್ದನ್ನು ಹೀರುತ್ತದೆಂದು ಹಿಡಿದರೆ ಉತ್ತರ 3 ಸೆಕೆಂಡಿನ ಹತ್ತಿರ ಬರುತ್ತದೆ. ಮಲಗುವ ಕೋಣೆಗೆ ಇದು ಕಲ್ಯಾಣಮಂಟಪದ ಗುಣ. ಅದೇ ಕೋಣೆಯಲ್ಲಿ ಶಿರಾ, ಪಾವಗಡದ ಕಡೆಯ ದಪ್ಪ ಕುರಿಯುಣ್ಣೆಯ ಕಂಬಳಿಗಳನ್ನು 12 ಚದರ ಮೀಟರಿನಷ್ಟು ಇಳಿಬಿಟ್ಟು, ಅವು ಮೇಲೆ ಬಿದ್ದ ಸದ್ದಿನ ಅರ್ಧವನ್ನು ಹೀರುತ್ತವೆಂದು ಲೆಕ್ಕ ಹಾಕಿದರೆ ಹೊತ್ತು 0.7 ಸೆಕೆಂಡಿಗೆ ಇಳಿಯುತ್ತದೆ.

ಕಂಬಳಿಯನ್ನು ಗೋಡೆಗೆ ಅಂಟಿಸಿ ಮೊಳೆ ಹೊಡೆಯಬಾರದು. ಗೋಡೆಗೆ ತಾಗಿದ ಗಾಳಿಗೆ ಅಲುಗಾಟವಿಲ್ಲ, ಅಲುಗದ ಗಾಳಿಯಿಂದ ಉಣ್ಣೆ ಏನನ್ನೂ ಕಸಿಯಲಾರದು. ಅಲೆಯ ಉದ್ದದ ಕಾಲುಭಾಗದಷ್ಟು ದೂರದಲ್ಲಿ ಗಾಳಿಯ ಓಡಾಟ ಅತಿ ಹೆಚ್ಚು. ಗೋಡೆಯಿಂದ ಒಂದು ಗೇಣು, ಎಂದರೆ ಸುಮಾರು 20 ಸೆಂಟಿಮೀಟರ್ ಬಿಟ್ಟು ತೂಗುಹಾಕಿದರೆ 430 ಹರ್ಟ್ಸ್‌ನ ಆಸುಪಾಸಿನ ಸದ್ದೂ ಹಿಡಿತಕ್ಕೆ ಬರುತ್ತದೆ. 100 ಹರ್ಟ್ಸ್‌ಗೆ ಇದೇ ಲೆಕ್ಕದಲ್ಲಿ 86 ಸೆಂಟಿಮೀಟರ್ ಬಿಡಬೇಕಾಗುವುದರಿಂದ ಸಣ್ಣ ಕೋಣೆಯಲ್ಲಿ ಆ ಆಸೆಯನ್ನು ಬಿಡುವುದೇ ಲೇಸು. ಇಷ್ಟೆಲ್ಲ ಮುತುವರ್ಜಿ ಏಕೆಂದರೆ ಪ್ಲಗಿನ್ನಿನ ರಿವರ್ಬನ್ನು ಯಾವಾಗ ಬೇಕಾದರೂ ತೆಗೆಯಬಹುದು, ಕೋಣೆಯದನ್ನು ಕಡತದಿಂದ ಪೂರ್ತಿಯಾಗಿ ಬಿಡಿಸಲು ಆಗದು. ಷಿಕಾಗೋದಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಬಿಲ್ ಪುಟ್ನಮ್ 1947ರಲ್ಲಿ ಸ್ನಾನಗೃಹವನ್ನೇ ಪ್ರತಿಧ್ವನಿ ಕೋಣೆಯಾಗಿ ಬಳಸಿದಾಗ ಆ ಗುಂಗು ಹಾಡಿನೊಡನೆಯೇ ಅಚ್ಚಾಗಬೇಕಿತ್ತು. ನಮಗೆ ಆ ಅನಿವಾರ್ಯ ಇಲ್ಲ.

ಕಂಪ್ರೆಸರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟೇಪಿನ ಕಾಲದಲ್ಲಿ ಮೆಲುದನಿ ಟೇಪಿನ ಹಿಸ್ಸೆಂಬ ಸದ್ದಿನಲ್ಲಿ ಮುಳುಗದಂತೆ ಹಾಡುವಾಗಲೇ ಅದನ್ನು ಎತ್ತಿ ಹಿಡಿಯಬೇಕಿತ್ತು. 24 ಬಿಟ್ ಕಡತದಲ್ಲಿ, ಬಿಟ್ ಒಂದಕ್ಕೆ 6 ಡೆಸಿಬಲ್‌ನಂತೆ, ಲೆಕ್ಕದ ಪ್ರಕಾರ 144 ಡೆಸಿಬಲ್ ಅವಕಾಶವಿದೆ. ಅತಿ ಎತ್ತರದ ಸ್ವರವೂ ಮೀಟರಿನಲ್ಲಿ ಮೈನಸ್ 10 ಡೆಸಿಬಲ್‌ನ ಕೆಳಗೇ ನಿಲ್ಲುವಂತೆ ಗೇನ್ (ಮೈಕಿನ ಧ್ವನಿಯನ್ನು ಹಿಗ್ಗಿಸುವ ಪ್ರಮಾಣ) ಇಟ್ಟರೆ ಸಾಕು. ಸೊನ್ನೆ ಮುಟ್ಟಿ ಕ್ಲಿಪ್ ಆದ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಬಿ.ಎಚ್. ರಸ್ತೆಗೆ ಹತ್ತಿರದ ಮನೆಯಾದರೆ ಲಾರಿಗಳ ಗುಡುಗನ್ನು ತಡೆಯಲು 80 ಹರ್ಟ್ಸ್‌ನ ಕೆಳಗಿನದನ್ನು ಸೋಸುವ ಫಿಲ್ಟರನ್ನು ರೆಕಾರ್ಡಿಂಗ್ ಸಮಯದಲ್ಲೇ ಹಾಕಿದರೂ ಅಡ್ಡಿಯಿಲ್ಲ. ಹಾಡಿನ ಸ್ವರಗಳು ಸಾಮಾನ್ಯವಾಗಿ ಅಷ್ಟು ಕೆಳಗೆ ಇಳಿಯುವುದಿಲ್ಲ.

ಶ್ರುತಿ ಸರಿಪಡಿಸುವ ಪ್ಲಗಿನ್ನಿನ ಮಾತೇ ಬೇರೆ. ಆಟೋ‌ಟ್ಯೂನ್ ಎಂಬ ಅಂಥ ಪ್ಲಗಿನ್ 1997ರಲ್ಲಿ ಬಂತು. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ನೆಲದೊಳಗೆ ತೈಲ ಹುಡುಕಲು ಭೂಕಂಪನದ ಅಲೆಗಳನ್ನು ವಿಶ್ಲೇಷಿಸುತ್ತಿದ್ದವರು. ಅಲೆಯನ್ನು ಅದರದೇ ತುಸು ಸರಿಸಿದ ಪ್ರತಿಯ ಜೊತೆ ಹೋಲಿಸಿ, ಎಷ್ಟು ಸರಿಸಿದಾಗ ಎರಡೂ ಕೂಡುತ್ತವೆ ಎಂಬುದರಿಂದ ಸ್ವರವನ್ನು ಪತ್ತೆಹಚ್ಚುವ ಗಣಿತ ಎರಡೂ ಕಡೆ ಬಳಕೆಯಾಯಿತು. ಹೋಲಿಸಲು ಅಲೆಯ ಒಂದೆರಡು ಸುತ್ತಾದರೂ ಕೈಗೆ ಸಿಗಬೇಕಲ್ಲ? 120 ಹರ್ಟ್ಸ್‌ನ ಗಂಡುದನಿಯಲ್ಲಿ ಎರಡು ಸುತ್ತಿಗೆ 16.7 ಮಿಲಿಸೆಕೆಂಡು ಬೇಕು. ಬಫರನ್ನು ಎಷ್ಟು ಇಳಿಸಿದರೂ ಈ ತಡ ತಪ್ಪುವುದಿಲ್ಲ.

ನಮ್ಮ ಸಂಗೀತಕ್ಕೆ ಇದಕ್ಕಿಂತ ದೊಡ್ಡ ತೊಡಕು ಗಮಕದ್ದು. ತೋಡಿ ರಾಗದ ಗಾಂಧಾರ ಒಂದು ಬಿಂದುವಿನಲ್ಲಿ ನಿಲ್ಲುವ ಸ್ವರವಲ್ಲ, ರಿಷಭ ಮಧ್ಯಮಗಳ ನಡುವೆ ತೂಗಾಡುವಂಥದ್ದು. 12 ಮನೆಗಳ ಪಟ್ಟಿ ಹಿಡಿದ ಪ್ಲಗಿನ್ ಆ ತೂಗಾಟವನ್ನು ತಪ್ಪೆಂದು ಎಣಿಸಿ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ. ಅದನ್ನು ಕಿವಿಯಲ್ಲಿ ಕೇಳುತ್ತಾ ಹಾಡುವವರು ತಮ್ಮ ಗಮಕ ಕಾಣೆಯಾದದ್ದಕ್ಕೆ ಇನ್ನಷ್ಟು ಅಗಲವಾಗಿ ತೂಗುತ್ತಾರೆ, ಇಲ್ಲವೇ ಸ್ವರವನ್ನು ಒರಟಾಗಿ ಊರಿಬಿಡುತ್ತಾರೆ. ಭಾವಗೀತೆಯ ಜಾರುಗಳಿಗೂ ಇದೇ ಗತಿ. ಹಾಡುವಾಗ ಈ ಪ್ಲಗಿನ್ ಕಿವಿಯ ದಾರಿಯಲ್ಲೂ ಬೇಡ, ಕಡತದ ದಾರಿಯಲ್ಲೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಶ್ರುತಿಪೆಟ್ಟಿಗೆಯ ಷಡ್ಜ ಪಂಚಮಗಳನ್ನು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿಟ್ಟರೆ ಹಾಡುವವರು ತಾವೇ ಶ್ರುತಿ ಸೇರಿಸಿಕೊಳ್ಳುತ್ತಾರೆ.

ಎಫೆಕ್ಟನ್ನೇ ವಾದ್ಯವಾಗಿ ಬಳಸುವ ಹಾಡುಗಳಿಗೆ ಮಾತ್ರ ಈ ಕಟ್ಟುನಿಟ್ಟು ಒಪ್ಪುವುದಿಲ್ಲ. ಸೊಲ್ಲಿನ ಕೊನೆಯ ಪದ ಎಕೋದಲ್ಲಿ ಮರುಕಳಿಸಿ, ಅದು ಅಡಗುವವರೆಗೆ ಕಾದು ಮುಂದಿನ ಸೊಲ್ಲು ಎತ್ತುವ ಜನಪದ ಹಾಡನ್ನು ಬರಿಯ ಧ್ವನಿಯಲ್ಲಿ ಹಾಡಲು ಬಾರದು. ನಿಮಿಷಕ್ಕೆ 100 ಪೆಟ್ಟಿನ ಲಯವಾದರೆ ಎಕೋದ ತಡವನ್ನು 600 ಮಿಲಿಸೆಕೆಂಡಿಗೆ ಇಡಬೇಕು. ಆಗ ಮರುಕಳಿಕೆ ತಾಳದ ಮೇಲೆಯೇ ಬೀಳುತ್ತದೆ, ಹಾಡುವವರು ಎಲ್ಲಿ ಬಿಡಬೇಕೆಂದು ಕಿವಿಯಿಂದಲೇ ತಿಳಿಯುತ್ತಾರೆ. ಇಂಥ ಹಾಡಿಗೆ ಎರಡು ಟ್ರ್ಯಾಕ್ ತೆರೆದು, ಒಂದರಲ್ಲಿ ಬರಿಯ ಧ್ವನಿಯನ್ನೂ ಇನ್ನೊಂದರಲ್ಲಿ ಎಕೋವನ್ನು ಮಾತ್ರವೂ ಒಟ್ಟಿಗೆ ಮುದ್ರಿಸಿಕೊಂಡು, ಎಕೋದ ತಡ ಮತ್ತು ಅಂದಿನ ಲಯ ಎರಡನ್ನೂ ಟ್ರ್ಯಾಕಿನ ಹೆಸರಿನಲ್ಲೇ ಬರೆದಿಟ್ಟರೆ, ಮುಂದೆ ಒಂದು ಸೊಲ್ಲನ್ನಷ್ಟೇ ಮತ್ತೆ ಹಾಡಬೇಕಾದಾಗ ಅದೇ ಮರುಕಳಿಕೆಯನ್ನು ಕಿವಿಗೆ ಕೊಟ್ಟು ಹಾಡಿಸಬಹುದು.