ಸೇನ್ ನದಿಯ ಬೆಳಕು: ಟ್ಯೂಬು, ಚಪ್ಪಟೆ ಕುಂಚ ಮತ್ತು ಏಳು ನಿಮಿಷ

1869ರ ಬೇಸಿಗೆಯಲ್ಲಿ, ಬದಲಾಗುವ ಬೆಳಕನ್ನು ಚಿತ್ರದಲ್ಲಿ ಹಿಡಿಯಲೆತ್ನಿಸಿದ ಇಂಪ್ರೆಷನಿಸ್ಟ್ ಪಂಥದ ಫ್ರೆಂಚ್ ಚಿತ್ರಕಾರರಾದ ಕ್ಲೋದ್ ಮೊನೆ ಮತ್ತು ರೆನ್ವಾರ್ ಪ್ಯಾರಿಸ್ ಸಮೀಪದ ಲಾ ಗ್ರನುಯೇರ್ ಎಂಬ ಈಜುತಾಣದಲ್ಲಿ ಜೊತೆಯಾಗಿ ಕೂತು ಸೇನ್ ನದಿಯ ಚಿತ್ರ ಬರೆದರು. ಮೊನೆಯ ಆ ಚಿತ್ರ ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಹತ್ತಿರದಿಂದ ನೋಡಿದರೆ ಅದರಲ್ಲಿ ನೀರೇ ಇಲ್ಲ. ಇರುವುದು ಅಡ್ಡಡ್ಡ ಎಳೆದ ದಪ್ಪ ಪಟ್ಟಿಗಳು ಮಾತ್ರ. ಅಲೆಯ ಒಂದು ಮಗ್ಗುಲು ಆಕಾಶವನ್ನೂ ಇನ್ನೊಂದು ಮಗ್ಗುಲು ದಡದ ಮರಗಳನ್ನೂ ಪ್ರತಿಫಲಿಸುತ್ತದೆ. ಮೊನೆ ಅವೆರಡನ್ನು ಬೆರೆಸದೆ ಪಕ್ಕಪಕ್ಕ ಇಟ್ಟ. ಮುಂದಿನ ಪಟ್ಟಿಗಳು ಅಗಲ, ದೂರದವು ಕಿರಿದು. ನದಿ ಹಿಂದಕ್ಕೆ ಸರಿದಂತೆ ಕಾಣುವುದು ಇದರಿಂದಲೇ.

ಇದಕ್ಕೆ ಬೇಕಾದ ಸಲಕರಣೆ ಕೆಲವು ದಶಕಗಳ ಹಿಂದಷ್ಟೇ ಕೈಗೆ ಬಂದಿತ್ತು. ಅದಕ್ಕೂ ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿದರೆ ಬಣ್ಣ ಬೇಗ ಒಣಗುತ್ತಿತ್ತು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ್‍ಯಾಂಡ್, ಬಣ್ಣ ತುಂಬಿ ಮುಚ್ಚಿಡಬಹುದಾದ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಲೋಹದ ಪಟ್ಟಿಯಿಂದ ಬಿಗಿದ ಚಪ್ಪಟೆ ಕುಂಚ ಬಂದದ್ದರಿಂದ ಚೌಕ ಗೀರು ಸುಲಭವಾಯಿತು.

ಬೆಳಕಿನ ಲೆಕ್ಕಾಚಾರ ಇನ್ನೂ ಸ್ಪಷ್ಟವಾಗಿ ಕಾಣುವುದು ರೆನ್ವಾರ್ 1875ರಲ್ಲಿ ಬರೆದ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ದೋಣಿಯ ಚಿತ್ರದಲ್ಲಿ. ಕೋಬಾಲ್ಟ್ ನೀಲಿಯ ನೀರು, ಅದರ ಮೇಲೆ ಕ್ರೋಮ್ ಕಿತ್ತಳೆಯ ದೋಣಿ. ಕಪ್ಪು ಬಣ್ಣವೂ ಇಲ್ಲ, ಮಣ್ಣಿನ ಬಣ್ಣವೂ ಇಲ್ಲ. ನೀಲಿ–ಕಿತ್ತಳೆಯಂಥ ಎದುರು ಬಣ್ಣಗಳು ಅಕ್ಕಪಕ್ಕ ಬಂದಾಗ ಒಂದನ್ನೊಂದು ಉಜ್ವಲಗೊಳಿಸುತ್ತವೆ ಎಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಷೆವ್ರಲ್ 1839ರಲ್ಲೇ ಬರೆದಿದ್ದ. ಆದರೆ ಕೈ ತಪ್ಪಿದರೆ ಇದೇ ಜೋಡಿ ಕೆಡಿಸುತ್ತದೆ: ಹಸಿ ನೀಲಿಯ ಮೇಲೆ ಕಿತ್ತಳೆಯನ್ನು ಒತ್ತಿ ಎಳೆದರೆ ಎರಡೂ ಕಲೆತು ಬೂದು ಕೆಸರಾಗುತ್ತದೆ. ಕುಂಚದಲ್ಲಿ ಬಣ್ಣ ತುಂಬಿ, ಒಂದೇ ಸಲ ಇಟ್ಟು ಎತ್ತಬೇಕು.

ಸೂರ್ಯನ ಓಟ ಮಾತ್ರ ಮೊನೆಯನ್ನು ಕೊನೆವರೆಗೂ ಕಾಡಿತು. 1891ರಲ್ಲಿ ಎಪ್ಟ್ ನದಿಯ ಪಾಪ್ಲರ್ ಮರಗಳನ್ನು ಬರೆಯುವಾಗ ಒಂದು ಚಿತ್ರಕ್ಕೆ ಬೇಕಾದ ಬೆಳಕು ಏಳೇ ನಿಮಿಷ ಉಳಿಯುತ್ತಿತ್ತಂತೆ. ಮೊನೆ ದೋಣಿಯಲ್ಲಿ ಕಚ್ಚುಗಳನ್ನು ಕೊರೆಸಿ ಹಲವು ಕ್ಯಾನ್‌ವಾಸ್ ನಿಲ್ಲಿಸಿಕೊಂಡ. ಬೆಳಕು ಬದಲಾದರೆ ಕ್ಯಾನ್‌ವಾಸೂ ಬದಲು. ಮರಗಳು ಹರಾಜಿಗೆ ಬಂದಾಗ, ಚಿತ್ರ ಮುಗಿಯುವವರೆಗೆ ಕಡಿಯದಿರಲೆಂದು ಮರದ ವ್ಯಾಪಾರಿಗೆ ಹಣ ಕೊಟ್ಟ. ನನ್ನ ಮಟ್ಟಿಗೆ ಅವನ ದೊಡ್ಡ ಸಾಧನೆ ಇದೇ: ಒಂದು ದೃಶ್ಯವನ್ನಲ್ಲ, ಒಂದು ಹೊತ್ತನ್ನು ಬರೆದದ್ದು.

ಇಂದು ಈ ಚಿತ್ರಗಳನ್ನು ನೋಡುವಾಗ ವಾರ್ನಿಶ್ ಗಮನಿಸಿ. ಈ ಕಲಾವಿದರಲ್ಲಿ ಹಲವರಿಗೆ ಅದು ಬೇಡವಾಗಿತ್ತು. ಆಮೇಲೆ ಬೇರೆಯವರು ಹಚ್ಚಿದ ಕಡೆ ಅದು ಹಳದಿಗಟ್ಟಿ, ನೀಲಿ ನೀರು ಹಸಿರಿಗೆ ತಿರುಗಿದಂತೆ ಕಾಣುತ್ತದೆ.